ಡಿಶ್ ಇಳಿಸಿದ ಮೇಲೂ ಏಳೂವರೆ

ಬರಬಹುದಾದ ಆಕ್ಷೇಪವೊಂದನ್ನು ಮೊದಲೇ ಎದುರಿಸಿಬಿಡುತ್ತೇನೆ. ದುಡಿದ ದಿನಗಳ ನೆನಪು ಬರೆಯುವವನಿಗೆ ತಲೆ ಬೆಳ್ಳಗಾಗಿರಬೇಕು, ಬೀಳ್ಕೊಡುಗೆಯಲ್ಲಿ ಹೊದಿಸಿದ ಶಾಲು ಕಪಾಟಿನಲ್ಲಿರಬೇಕು ಎಂಬುದು ವಾಡಿಕೆ. ನನಗೆ ಇನ್ನೂ ನಲವತ್ತು ತುಂಬಿಲ್ಲ, ಶಾಲೂ ಇಲ್ಲ. ಆದರೆ ನಾನು ಮಾಡುತ್ತಿದ್ದ ಕೆಲಸಕ್ಕೆ ನನಗಿಂತ ಮೊದಲು ವಯಸ್ಸಾಯಿತು. ವಿಜಯಪುರ, ತಿಕೋಟಾ, ಬಬಲೇಶ್ವರದ ಮಾಳಿಗೆಗಳನ್ನು ಹತ್ತಿ ಟಿವಿಗೆ ಡಿಶ್ ಕೂಡಿಸುವುದು ನನ್ನ ಕೆಲಸವಾಗಿತ್ತು. ಈಗ ಆ ಮಾಳಿಗೆಗಳಿಗೆ ಯಾರೂ ನನ್ನನ್ನು ಕರೆಯುವುದಿಲ್ಲ. ಮನೆಮನೆಗೆ ಇಂಟರ್‌ನೆಟ್ಟಿನ ಸಣ್ಣ ತಂತಿ ಬಂದಿದೆ, ಟಿವಿ ಆಕಾಶ ನೋಡುವುದನ್ನು ಬಿಟ್ಟಿದೆ. ನಾನು ಒಂದು ಕೋಚಿಂಗ್ ತರಗತಿಯಲ್ಲಿ ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತೇನೆ. ಇದಕ್ಕೆ ನಿವೃತ್ತಿ ಎನ್ನದೆ ಇನ್ನೇನು ಎನ್ನಬೇಕೋ, ಗೊತ್ತಿದ್ದವರು ಹೇಳಲಿ.

ಬರೆಯುವುದಕ್ಕೆ ಕಾರಣವೂ ಇದೆ. ಹೆಗಲಿಗೆ ತಂತಿಯ ಸುರುಳಿ, ಕೈಯಲ್ಲಿ ರೌಟರಿನ ಡಬ್ಬಿ ಹಿಡಿದು ಓಡಾಡುವ ಹೊಸ ಹುಡುಗರು ಗಾಂಧಿ ಚೌಕದಲ್ಲಿ ಸಿಕ್ಕಾಗ ಒಂದೇ ಪ್ರಶ್ನೆ ಕೇಳುತ್ತಾರೆ: "ಅಣ್ಣಾ, ಇಷ್ಟ ಛಲೋ ಸವಲತ್ತು ಬಂದೈತಿ, ಮಂದಿ ಡಿಶ್ ಬಿಡಾಕ ಯಾಕ ಹಿಂದ ಮುಂದ ನೋಡ್ತಾರ?" ಮಂದಿಗೆ ತಿಳಿಯುವುದಿಲ್ಲ ಎಂಬ ಉತ್ತರ ಅವರ ಬಾಯಲ್ಲಿ ತಯಾರಿರುತ್ತದೆ. ಆ ಉತ್ತರವನ್ನು ನಾನೂ ಕೆಲವು ಕಾಲ ನಂಬಿದ್ದೆ. ತಿಕೋಟಾದ ಹುಸೇನಬಿ ಅಕ್ಕಾರ ಮನೆಯಲ್ಲಿ ಆ ನಂಬಿಕೆಗೆ ಏನಾಯಿತು ಎಂದು ಹೇಳುವುದೇ ಈ ಬರಹದ ಉದ್ದೇಶ. ನೆನಪೆಂಬುದು ಪಕ್ಷಪಾತಿ ಸಾಕ್ಷಿ, ಅದನ್ನು ಪಾಟೀಸವಾಲು ಮಾಡದೆ ಒಪ್ಪಬಾರದು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಇಲ್ಲಿ ಅದಕ್ಕೆ ಸ್ವಲ್ಪ ಸಡಿಲ ಬಿಟ್ಟಿದ್ದೇನೆ.

ಕಾಲೇಜಿನಲ್ಲಿ ನಾನು ಚರ್ಚೆಯ ಹುಡುಗ. ಪರವಾಗಿ ಮಾತಾಡಿ ಗೆದ್ದ ವಿಷಯವನ್ನೇ ಮುಂದಿನ ವಾರ ವಿರೋಧಿಸಿ ಗೆಲ್ಲುತ್ತಿದ್ದೆ. ಅದರಿಂದ ಕೆಲಸವೇನೂ ಸಿಗಲಿಲ್ಲ. ಗಾಂಧಿ ಚೌಕದ ಓಣಿಯೊಂದರಲ್ಲಿ ಡಿಶ್ ಮಾರುವ ಅಂಗಡಿಯಿತ್ತು. ಅದರ ಮಾಲಕರು ನನ್ನ ಮಾತು ಕೇಳಿ, ಈ ಹುಡುಗ ಗಿರಾಕಿಗಳನ್ನು ಒಪ್ಪಿಸುತ್ತಾನೆ ಎಂದು ಲೆಕ್ಕ ಹಾಕಿ, ಮೌಲಾಲಿ ಚಾಚಾನ ಜೊತೆ ಕಳಿಸಿದರು. ಚಾಚಾ ಆ ಅಂಗಡಿಯ ಹಿರಿಯ ಫಿಟ್ಟರು. ಮೊದಲ ದಿನವೇ ನಾನು ಅವರಿಗೆ, ಕೊನೆಯ ನಟ್ಟು ಬಿಗಿಯುವಾಗ ಬಿಸ್ಮಿಲ್ಲಾ ಅನ್ನುವುದಕ್ಕೂ ಸಿಗ್ನಲ್ಲಿಗೂ ಏನು ಸಂಬಂಧ ಎಂದು ಕೇಳಿದೆ.

ಚಾಚಾ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ನನ್ನನ್ನು ನೋಡಿದರು. "ಸಿಗ್ನಲ್ಲಿಗಿ ಸಂಬಂಧ ಇಲ್ಲೋ ಮಾರಾಯಾ. ನನಗ ಬಿಗಿಯೂದು ನೆನಪ ಆಗ್ತೈತಿ. ಮುಂದ?"

ಅಂದಿನಿಂದ ಅವರು ನನ್ನನ್ನು ವಕೀಲಾ ಎಂದೇ ಕರೆದರು. ಅಂಗಡಿಯಲ್ಲಿ, ಓಣಿಯಲ್ಲಿ, ಕೊನೆಗೆ ಗಿರಾಕಿಗಳ ಬಾಯಲ್ಲಿಯೂ ಅದೇ ಹೆಸರು ನಿಂತಿತು. ಹಲವು ಮನೆಗಳವರು ನಾನು ನಿಜವಾಗಿಯೂ ಕೋರ್ಟು ಬಿಟ್ಟು ಬಂದವನೆಂದು ತಿಳಿದು ಹೊಲದ ತಕರಾರು ಕೇಳಿದ್ದುಂಟು. ನಾನು ಸಲಹೆ ಕೊಟ್ಟದ್ದೂ ಉಂಟು.

ಡಿಶ್ ಕೂಡಿಸುವ ಕೆಲಸ ಹೇಗಿತ್ತೆಂದು ಹೊಸಬರಿಗೆ ಊಹಿಸಲು ಆಗಲಿಕ್ಕಿಲ್ಲ. ಆ ಬೋಗುಣಿಯನ್ನು ಆಕಾಶದ ಒಂದೇ ಒಂದು ಜಾಗಕ್ಕೆ ಮುಖ ಮಾಡಿ ನಿಲ್ಲಿಸಬೇಕು. ಬೆರಳು ಸರಿದಷ್ಟು ತಪ್ಪಿದರೂ ಚಿತ್ರ ಇಲ್ಲ. ಮೇಲೆ ನಿಂತವನಿಗೆ ಟಿವಿ ಕಾಣದು, ಟಿವಿ ಮುಂದೆ ಕುಳಿತವರಿಗೆ ಡಿಶ್ ಕಾಣದು. ಆದ್ದರಿಂದ ಕೂಗಾಟ. ಮಾಳಿಗೆಯ ಮೇಲಿಂದ ಚಾಚಾ "ಬಂತೇನ್ರಿ?" ಎನ್ನುವರು. ಅಂಗಳದಲ್ಲಿ ನಿಂತ ನಾನು ಅದನ್ನೇ ಕಿಟಕಿಗೆ ಕೂಗುವೆ. ಒಳಗಿನಿಂದ "ಇಲ್ರಿ" ಬರುವುದು. ಚೂರು ತಿರುಗಿಸಿ ಮತ್ತೆ "ಈಗ?" ಒಳಗಿನಿಂದ "ಬಂತ್ರಿ, ಬಂತ್ರಿ... ಹೋತ್ರಿ." ಪಕ್ಕದ ಮನೆಯವರು ಬಂದು ನಿಲ್ಲುವರು, ಎದುರು ಮನೆಯ ಮುದುಕರು ಕಟ್ಟೆಯ ಮೇಲಿಂದ ಡಿಶ್ಶಿನ ಬಗ್ಗೆ ತಮ್ಮ ಅಭಿಪ್ರಾಯ ಹೇಳುವರು. ಕೊನೆಗೆ ಚಿತ್ರ ಬಂದಾಗ ಅದು ಇಡೀ ಓಣಿ ಸೇರಿ ತಂದ ಚಿತ್ರ. ಮುಂದೆ ಕೈಯಲ್ಲಿ ಹಿಡಿಯುವ ಮೀಟರು ಬಂತು. ಸಿಗ್ನಲ್ ಸಿಕ್ಕರೆ ಅದೇ ಚೀಂ ಎನ್ನುತ್ತಿತ್ತು. ಕೆಲಸ ಬೇಗ ಮುಗಿಯತೊಡಗಿತು, ಓಣಿ ಬಂದು ನಿಲ್ಲುವುದೂ ತಪ್ಪಿತು. ಮೀಟರಿನ ವಿರುದ್ಧ ವಾದಿಸಲು ನನ್ನ ಬಳಿ ಒಂದೂ ಸರಿಯಾದ ಕಾರಣ ಇಲ್ಲ. ಆದರೂ ಆ ಕೂಗು ಈಗಲೂ ಕಿವಿಯಲ್ಲಿದೆ.

ಹುಸೇನಬಿ ಅಕ್ಕಾರ ಮನೆಗೆ ಹೋದದ್ದು ಮೀಟರು ಬರುವುದಕ್ಕೆ ಮುಂಚೆ. ತಿಕೋಟಾ ಬಸ್ ನಿಲ್ದಾಣದ ಹಿಂದಿನ ಓಣಿ. ಒಳಗೆ ಕಾಲಿಟ್ಟರೆ ಪಡಸಾಲೆಯ ತುಂಬ ಹೆಣ್ಣುಮಕ್ಕಳು, ಒಬ್ಬೊಬ್ಬರ ಮುಂದೆ ಒಂದೊಂದು ಪರಾತ ಎಂಬ ಅಗಲ ತಟ್ಟೆ, ಅದರಲ್ಲಿ ಮಣೂಕ. ನಮ್ಮ ಕಡೆ ಒಣದ್ರಾಕ್ಷಿಗೆ ಹಾಗೆನ್ನುತ್ತಾರೆ. ಒಣಗಿಸುವ ಶೆಡ್ಡಿನಿಂದ ಬಂದ ಮಣೂಕದಲ್ಲಿ ಕಡ್ಡಿ ಇರುತ್ತದೆ, ಕಪ್ಪಾದವು ಇರುತ್ತವೆ. ಅವನ್ನು ಕೈಯಿಂದ ಆರಿಸಬೇಕು. ಊರಿನ ಒಬ್ಬ ಶೇಠರು ಹುಸೇನಬಿಯವರ ಮನೆಗೆ ಚೀಲ ಇಳಿಸುತ್ತಿದ್ದರು. ಓಣಿಯ ಹೆಂಗಸರು ಸಂಜೆ ಬಂದು ಕುಳಿತು ಧಾರಾವಾಹಿ ನೋಡುತ್ತ ಆರಿಸಿ ಕೊಡುತ್ತಿದ್ದರು. ಅಂದು ಅವರ ಕೇಬಲ್ ಕೆಟ್ಟು ಟಿವಿ ಕಪ್ಪಗಿತ್ತು, ಅದಕ್ಕೇ ಡಿಶ್ ಕೂಡಿಸಲು ನಮ್ಮನ್ನು ಕರೆದಿದ್ದರು. ಕೈಗಳೂ ನಿಧಾನವಾಗಿದ್ದವು.

"ಏಳೂವರಿಗಿ ಧಾರಾವಾಹಿ ಐತ್ರಿ. ಅಷ್ಟರಾಗ ಆಗಬೇಕು," ಎಂದರು ಹುಸೇನಬಿ.

ಪ್ರಶ್ನೆ ಕೇಳದೆ ಇರಲಾರದ ನಾನು ಕೇಳಿದೆ: "ನಿಮ್ಮ ನಿಮ್ಮ ಮನ್ಯಾಗ ಟಿವಿ ಇಲ್ಲೇನ್ರಿ?"

ಪಕ್ಕದ ಮನೆಯ ಕಸ್ತೂರಿ ಎಂಬವರು ತಲೆ ಎತ್ತದೆ ಹೇಳಿದರು: "ಟಿವಿ ಐತ್ರಿ. ರಿಮೋಟ್ ಇಲ್ಲ."

"ಕೆಟ್ಟೈತೇನ್ರಿ?"

"ಕೆಟ್ಟಿಲ್ರಿ. ನಮ್ಮ ಮಾವನ ಕೈಯಾಗ ಐತಿ."

ಪಡಸಾಲೆ ನಕ್ಕಿತು. ಆ ನಗುವಿನಲ್ಲಿ ನನಗೆ ಆ ಮನೆಯ ವ್ಯವಸ್ಥೆ ಅರ್ಥವಾಯಿತು. ಅವರವರ ಮನೆಗಳಲ್ಲಿ ಗಂಡಸರ ಸುದ್ದಿ, ಗಂಡಸರ ಕ್ರಿಕೆಟ್. ರಿಮೋಟು ಹೆಂಗಸರ ಕೈಗೆ ಬರುವುದು ಈ ಪಡಸಾಲೆಯಲ್ಲಿ ಮಾತ್ರ. ಚಾಚಾ ಮೇಲೆ ಹತ್ತಿದರು, ನಾನು ಅಂಗಳದಲ್ಲಿ ನಿಂತೆ, ಕಸ್ತೂರಿ ಟಿವಿಯ ಮುಂದಿನಿಂದ ಉತ್ತರ ಕೂಗಿದರು. ಧಾರಾವಾಹಿ ಶುರುವಾಗುವ ಹೊತ್ತಿಗೆ ಚಿತ್ರ ಬಂತು. ಕೈಗಳು ಚುರುಕಾದವು. ಹುಸೇನಬಿ ನಮಗೆ ಚಹಾ ಕೊಡುತ್ತ ಮೆಲ್ಲಗೆ ಹೇಳಿದ ಮಾತನ್ನು ಆಮೇಲೆ ನಾನು ಎಷ್ಟೋ ಸಲ ನೆನೆದಿದ್ದೇನೆ. "ಟಿವಿ ಬಂದ್ ಬಿದ್ರ ಮಂದಿ ಬರಂಗಿಲ್ಲ ತಮ್ಮಾ. ಮಂದಿ ಬರಲಿಲ್ಲಂದ್ರ ಶೇಠ ಚೀಲಾ ಕಳಸಂಗಿಲ್ಲ. ಇದು ನಮ್ಮ ಟಿವಿ ಅಲ್ಲ, ನಮ್ಮ ಕೆಲಸ."

ಕೆಲಸ ಕಲಿತದ್ದು ಹೆಚ್ಚಾಗಿ ಎಡವಟ್ಟುಗಳಿಂದ. ಬಬಲೇಶ್ವರದ ಹತ್ತಿರದ ಒಂದು ದ್ರಾಕ್ಷಿ ತೋಟದಲ್ಲಿ ಮನೆ ಗಿಡಗಳ ಮರೆಯಲ್ಲಿತ್ತು, ಎದುರಿಗೆ ಮಣೂಕ ಒಣಗಿಸುವ ಶೆಡ್ಡು ಎತ್ತರಕ್ಕೆ ನಿಂತಿತ್ತು. ಕಬ್ಬಿಣದ ಕಂಬಗಳು, ಅಂತಸ್ತು ಅಂತಸ್ತಾಗಿ ಬಲೆ. ಡಿಶ್ಶನ್ನು ಅದರ ನೆತ್ತಿಯ ಮೇಲೆ ಕೂಡಿಸೋಣ ಎಂದವರು ಚಾಚಾ. ಅದು ಅದ್ಭುತ ಉಪಾಯವೆಂದು ತೋಟದ ಯಜಮಾನರಿಗೆ ಮೂರು ಕಾರಣ ಕೊಟ್ಟು ಒಪ್ಪಿಸಿದವನು ನಾನು. ಚಿತ್ರ ಕನ್ನಡಿಯಂತೆ ಬಂತು. ಹಂಗಾಮು ಬಂದು ಶೆಡ್ಡಿಗೆ ದ್ರಾಕ್ಷಿ ಬಿದ್ದ ಮೇಲೆ ಫೋನ್ ಬಂತು, ಚಿತ್ರ ಇಲ್ಲ. ಹೋಗಿ ಸರಿ ಮಾಡಿ ಬಂದೆವು. ಮತ್ತೆ ಫೋನ್. ಟಿವಿ ಪಕ್ಕದ ಡಬ್ಬಿ ಬದಲಿಸಿದೆವು, ತಂತಿ ಬದಲಿಸಿದೆವು. ಮತ್ತೊಮ್ಮೆ ಹೋದಾಗ ಆಳುಗಳು ಒಣಗಿದ ಮಣೂಕ ಕೆಳಗೆ ಬೀಳಲೆಂದು ಬಲೆಗಳನ್ನು ಜಾಡಿಸುತ್ತಿದ್ದರು. ಒಳಗೆ ಟಿವಿಯಲ್ಲಿ ವಾರ್ತೆ ಓದುವವರು ಅದೇ ತಾಳಕ್ಕೆ ಬರುತ್ತಿದ್ದರು, ಹೋಗುತ್ತಿದ್ದರು. ದ್ರಾಕ್ಷಿಯ ಭಾರಕ್ಕೆ ಇಡೀ ಶೆಡ್ಡು ಒಂದಿಷ್ಟು ಬಾಗುತ್ತಿತ್ತು, ಖಾಲಿಯಾದಂತೆ ನೆಟ್ಟಗಾಗುತ್ತಿತ್ತು. ಡಿಶ್ಶಿಗೆ ಅಷ್ಟೇ ಸಾಕು.

ಯಜಮಾನರು ನನ್ನ ಕಡೆ ತಿರುಗಿ, "ವಕೀಲ್ರ, ಆ ಮೂರು ಕಾರಣ ಇನ್ನೊಮ್ಮೆ ಹೇಳ್ರಿ," ಎಂದರು. ಚಾಚಾ ಶೆಡ್ಡಿನ ಹಿಂದೆ ಹೋಗಿ ನಕ್ಕು ಬಂದರು.

ನಗರದಲ್ಲಿ ಬೇರೆಯೇ ತರಹದ ಜಗಳ. ಒಬ್ಬ ವ್ಯಾಪಾರಿ ಯಜಮಾನರು ವಾಸ್ತುವಿನ ಪ್ರಕಾರ ಡಿಶ್ಶನ್ನು ಈಶಾನ್ಯಕ್ಕೇ ತಿರುಗಿಸಬೇಕೆಂದು ಹಟ ಹಿಡಿದರು. ನಮ್ಮೂರಿನ ಡಿಶ್ಶುಗಳು ನೋಡುವುದು ಆಗ್ನೇಯಕ್ಕೆ. ಉಪಗ್ರಹ ಎಲ್ಲಿದೆ, ಭೂಮಿಯ ಸುತ್ತ ಹೇಗೆ ತಿರುಗುತ್ತದೆ ಎಂದು ನಾನು ಅಂಗೈಯ ಮೇಲೆ ಚಿತ್ರ ಬರೆದು ವಿವರಿಸಿದೆ. ಅವರು ಕೇಳಿಸಿಕೊಂಡು, "ಎಲ್ಲಾ ಖರೆ. ಆದ್ರ ಈಶಾನ್ಯಕ್ಕ ಕೂಡಸ್ರಿ," ಎಂದರು. ಆಗ ಚಾಚಾ ಮುಂದೆ ಬಂದು, "ಕರೆಂಟಿನ ಸಾಮಾನ ಅಗ್ನಿ ಮೂಲಿ ಬಿಟ್ಟು ಬ್ಯಾರೆ ಕಡೆ ಮುಖಾ ಮಾಡಬಾರದಲ್ರಿ ಯಜಮಾನ್ರ?" ಎಂದರು. ಯಜಮಾನರು ಯೋಚಿಸಿ ಹೌದೆಂದು ತಲೆಯಾಡಿಸಿದರು. ದಾರಿಯಲ್ಲಿ ನಾನು ಚಾಚಾನೊಂದಿಗೆ ಜಗಳ ಮಾಡಿದೆ. ತಪ್ಪು ಕಾರಣದಿಂದ ಸರಿ ತೀರ್ಮಾನಕ್ಕೆ ಬಂದರೆ ಅದು ಗೆಲುವಲ್ಲ ಎಂದೆ. ಇವತ್ತಿಗೂ ಆ ಮಾತಿಗೆ ಬದ್ಧನಾಗಿದ್ದೇನೆ. ಡಿಶ್ ಮಾತ್ರ ಆ ಮನೆಯ ಮೇಲೆ ಸರಿಯಾದ ದಿಕ್ಕಿಗೆ ನಿಂತಿತ್ತು.

ಮಳೆಗಾಲ ಬಂದರೆ ನಮಗೆ ಪುರುಸೊತ್ತಿರಲಿಲ್ಲ. ಕಪ್ಪು ಮೋಡ ಕವಿದರೆ ಸಾಕು, ಚಿತ್ರ ಚೌಕಚೌಕವಾಗಿ ಒಡೆದು ಹೋಗುತ್ತಿತ್ತು. ನಮ್ಮ ಕಡೆ ಮಳೆಯೇ ಅಪರೂಪ, ಬಂದಾಗ ಸಂತೋಷ ಪಡಬೇಕು. ಆದರೆ ಮಳೆ ಬಂದ ಮರುಗಳಿಗೆ ಅಂಗಡಿಯ ಫೋನು ಬೈಗುಳ ಹೊತ್ತು ಬರುತ್ತಿತ್ತು. ಹುಸೇನಬಿ ಅಕ್ಕಾರ ಫೋನು ಮಾತ್ರ ಬರುತ್ತಿರಲಿಲ್ಲ. ಏಕೆಂದು ಒಮ್ಮೆ ಮಳೆಯಲ್ಲಿಯೇ ಆ ದಾರಿಯಲ್ಲಿ ಸಿಕ್ಕಿಬಿದ್ದು ಅವರ ಬಾಗಿಲಲ್ಲಿ ನಿಂತಾಗ ತಿಳಿಯಿತು. ಧಾರಾವಾಹಿಯ ನಡುವೆ ಚಿತ್ರ ಹೋಯಿತು. ಯಾರೂ ಏಳಲಿಲ್ಲ.

"ಈಗ ಏನಾಗಿರಬೇಕು?" ಎಂದರು ಹುಸೇನಬಿ, ಕೈ ನಿಲ್ಲಿಸದೆ.

"ಅತ್ತಿ ಬಾಗಲಾ ತೆಗದಾಳ," ಎಂದರು ಕಸ್ತೂರಿ.

"ಆಕಿ ಎಲ್ಲಿ ತೆಗೀತಾಳ ಬೇ? ಆಕಿಗಿ ಅಷ್ಟ ಕರುಳಿದ್ರ ಕತಿ ಯಾವಾಗೋ ಮುಗೀತಿತ್ತು."

"ತೆಗದಾಳ. ಮಗಾ ಬಂದಾನಂತ ತೆಗದಾಳ. ನೋಡಿದ್ರ ಸೊಸಿ."

ಚಿತ್ರ ಮರಳಿ ಬರುವವರೆಗೆ ಕಥೆ ಬಾಯಿಯಲ್ಲಿ ನಡೆಯಿತು. ಬಂದಾಗ ಟಿವಿಯ ಕಥೆ ಇವರ ಕಥೆಗಿಂತ ಸಪ್ಪೆಯಾಗಿತ್ತು. ಜಾಹೀರಾತು ಬಂದಾಗಲೂ ಹೀಗೆಯೇ. ಧಾರಾವಾಹಿ ನಡೆಯುವಾಗ ಕೈ ಆರಿಸುತ್ತಿತ್ತು, ಜಾಹೀರಾತು ಬಂದೊಡನೆ ಆರಿಸಿದ್ದು ತುಂಬಿದ ಪರಾತ ಬರಿದು ಮಾಡಿ ಚೀಲದಿಂದ ಹೊಸದು ತುಂಬಿಕೊಳ್ಳುವುದು, ನೀರು ಕುಡಿಯುವುದು, ಸೊಂಟ ನೆಟ್ಟಗೆ ಮಾಡುವುದು, ಅತ್ತೆ ಸೊಸೆಯರ ತೀರ್ಪು ಮಾಡುವುದು. ಆ ಮನೆಯ ಕೆಲಸದ ಗಡಿಯಾರ ಯಾರೋ ಮಾರುತ್ತಿದ್ದ ಸಾಬೂನು, ಸೀರೆಗಳ ಮೇಲೆ ನಡೆಯುತ್ತಿತ್ತು. ನಾನು ಅದನ್ನು ಕಣ್ಣಾರೆ ನೋಡಿದೆ. ನೋಡಿಯೂ ಅದೊಂದು ತಮಾಷೆ ಎಂದುಕೊಂಡು ಮಳೆ ನಿಂತೊಡನೆ ಹೊರಟೆ.

ಆಮೇಲೆ ತಂತಿ ಬಂತು. ಮೊದಲು ನಗರಕ್ಕೆ, ನಂತರ ತಿಕೋಟಾ, ಬಬಲೇಶ್ವರಕ್ಕೆ. ಮಾಲಕರು ಡಿಶ್ಶುಗಳನ್ನು ಅಂಗಡಿಯ ಹಿಂದಕ್ಕೆ ಸರಿಸಿ ಮುಂದೆ ಸ್ಮಾರ್ಟ್ ಟಿವಿಗಳನ್ನು ಸಾಲಾಗಿ ನಿಲ್ಲಿಸಿದರು. ಚಾಚಾ ಗೋದಾಮುಗಳಿಗೆ ಕ್ಯಾಮೆರಾ ಕೂಡಿಸುವ ಕೆಲಸಕ್ಕೆ ಹೋದರು. "ಆಕಾಶ ನೋಡಿ ಸಾಕಾಗೈತಿ, ಇನ್ನ ಮಂದೀನ್ನ ನೋಡ್ತೀನಿ," ಎಂದರು. ನಾನು ಅಂಗಡಿಯಲ್ಲಿ ಉಳಿದೆ, ಜನರನ್ನು ಡಿಶ್ಶಿನಿಂದ ಇಂಟರ್‌ನೆಟ್ಟಿಗೆ ದಾಟಿಸುವ ಕೆಲಸಕ್ಕೆ.

ಇಲ್ಲಿ ಹೊಸ ಹುಡುಗರಿಗೆ ಕೆಲವು ಮಾತು. ಡಿಶ್ಶಿನ ಕಾಲದಲ್ಲಿ ನಾವು ಮನೆಯ ಮೇಲಿನ ಆಕಾಶ ನೋಡುತ್ತಿದ್ದೆವು. ನೀವು ಮನೆಯ ಒಳಗಿನ ಗೋಡೆ ನೋಡಬೇಕು. ಹಳೆ ನಗರದ ಕೆಲವು ಮನೆಗಳ ಗೋಡೆ ಎಷ್ಟು ದಪ್ಪವೆಂದರೆ, ಪಡಸಾಲೆಯಲ್ಲಿ ಇಟ್ಟ ರೌಟರಿನ ವೈಫೈ ಒಳಕೋಣೆಗೆ ಹೋಗುವುದೇ ಇಲ್ಲ. ಅಂಥಲ್ಲಿ ಟಿವಿಯವರೆಗೆ ತಂತಿಯನ್ನೇ ಎಳೆಯಿರಿ. ಕಬ್ಬಿಣದ ಕಪಾಟಿನ ಹಿಂದೆ ರೌಟರ್ ಮುಚ್ಚಿಡಬೇಡಿ, ಅಂದ ಕೆಡುತ್ತದೆ ಎಂದು ಮನೆಯವರು ಎಷ್ಟೇ ಹೇಳಲಿ. ಹೊಸಬರಿಗೆ ಎಲ್ಲ ಗುಂಡಿಗಳನ್ನೂ ಒಂದೇ ದಿನ ಕಲಿಸಬೇಡಿ. ಮನೆಗೆ ಮರಳುವ ಗುಂಡಿ, ಹಿಂದೆ ಹೋಗುವ ಗುಂಡಿ, ನಿಲ್ಲಿಸಿ ಮತ್ತೆ ನಡೆಸುವ ಗುಂಡಿ, ಇಷ್ಟು ಸಾಕು. ದಾರಿ ತಪ್ಪಿದರೆ ಮನೆಗೆ ಮರಳಬಹುದು ಎಂದು ಗೊತ್ತಾದ ಮೇಲೆ ಯಾರಿಗೂ ಭಯ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಡಿಶ್ಶನ್ನು ಅದೇ ದಿನ ಬಿಚ್ಚಬೇಡಿ. ಒಂದು ತಿಂಗಳು ಎರಡೂ ಇರಲಿ. ಇದನ್ನು ನಾನು ಮೊದಲಿನಿಂದ ಪಾಲಿಸಿದೆ. ದಯೆಯಿಂದ ಅಲ್ಲ, ಯಾವ ಹೊಸ ವಸ್ತುವಿನ ಜಾಹೀರಾತನ್ನೂ ನಾನು ನಂಬುವವನಲ್ಲ. ಮಾಲಕರಿಗೆ ಇದು ಹಿಡಿಸುತ್ತಿರಲಿಲ್ಲ. "ನಿಂದು ಎರಡೂ ದೋಣ್ಯಾಗ ಕಾಲು ಇಡೂ ಕತಿ," ಎಂದು ಬೈಯುತ್ತಿದ್ದರು.

ಹುಸೇನಬಿಯವರ ಮಗ ಇಸಾಕ ಟೆಂಪೊ ಓಡಿಸುತ್ತಾನೆ, ಮಣೂಕ ಹೇರಿಕೊಂಡು ಸಾಂಗಲಿ, ತಾಸಗಾಂವ ಕಡೆ ಹೋಗುತ್ತಾನೆ. ಅವನು ಒಂದು ಸ್ಮಾರ್ಟ್ ಟಿವಿ ಕೊಂಡು ನನ್ನನ್ನು ಕರೆದ. ನಾನು ಹೋಗುವ ಹೊತ್ತಿಗೆ ಅವನು ಗಾಡಿ ತೆಗೆದುಕೊಂಡು ಹೋಗಿಯಾಗಿತ್ತು, ಹುಸೇನಬಿ ಹೊಸ ಟಿವಿಯ ಎದುರು ಕೈಕಟ್ಟಿ ನಿಂತಿದ್ದರು.

"ತಮ್ಮಾ, ಒಂದ್ ಮಾತ ಕೇಳ್ತೀನಿ. ಇದರಾಗ ಡಿಶ್ಶಿನಾಗ ಇಲ್ಲದ್ದು ಏನೈತಿ?"

ಇದು ನನಗೆ ಹಬ್ಬದ ಪ್ರಶ್ನೆ. ನಾನು ಎದೆ ಸೆಟೆಸಿ ಶುರು ಮಾಡಿದೆ. ಒಂದನೆಯದಾಗಿ ಮಳೆ ಬಂದರೂ ಚಿತ್ರ ಹೋಗುವುದಿಲ್ಲ. ಎರಡನೆಯದಾಗಿ ಜಾಹೀರಾತು ಇಲ್ಲ, ಇಸಾಕ ಜಾಹೀರಾತಿಲ್ಲದ ಯೋಜನೆಯನ್ನೇ ತೆಗೆದುಕೊಂಡಿದ್ದಾನೆ. ಮೂರನೆಯದಾಗಿ, ಎಲ್ಲಕ್ಕಿಂತ ಮುಖ್ಯ, ಏಳೂವರೆಗೆ ಕಾಯುವುದು ಬೇಡ. ಧಾರಾವಾಹಿಯ ಹೊಸ ಕಂತು ಮುಂಜಾನೆಯೇ ಬಂದಿರುತ್ತದೆ. ಯಾವಾಗ ಬೇಕಾದರೂ, ಯಾರು ಬೇಕಾದರೂ, ತಮ್ಮ ಫೋನಿನಲ್ಲಿಯೂ ನೋಡಬಹುದು.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಯಾವಾಗ ಬೇಕಾದ್ರೂ ನೋಡಬಹುದಂದ್ರ, ಏಳೂವರಿಗಿ ನಮ್ಮ ಮನಿಗಿ ಯಾಕ ಬರ್ತಾರ?"

ಚರ್ಚಾಸ್ಪರ್ಧೆಯಲ್ಲಿ ಉತ್ತರವಿಲ್ಲದಾಗ ಪ್ರಶ್ನೆಯ ಚೌಕಟ್ಟನ್ನೇ ಪ್ರಶ್ನಿಸಬೇಕು ಎಂದು ನಮಗೆ ಕಲಿಸಿದ್ದರು. "ಮಂದಿ ನಿಮ್ಮನ್ನ ನೋಡಾಕ ಬರ್ತಾರ ಅಕ್ಕಾರ, ಟಿವಿ ನೋಡಾಕಲ್ಲ," ಎಂದೆ.

"ಹಂಗಂತ ನೀ ಅಂತಿ. ಅವರನ್ನ ಕೇಳೀಯೇನು?"

ಕೇಳಿರಲಿಲ್ಲ. ಅಷ್ಟರಲ್ಲಿ ಟಿವಿ ಖಾತೆ ತೆರೆಯಲು ಒಟಿಪಿ ಎಂಬ ಸಂಕೇತ ಸಂಖ್ಯೆ ಬೇಡಿತು. ಆ ಸಂಖ್ಯೆ ಬಂದದ್ದು ಇಸಾಕನ ಫೋನಿಗೆ, ಇಸಾಕ ಇದ್ದದ್ದು ಜತ್ತದ ರಸ್ತೆಯ ಮೇಲೆ ಸ್ಟೇರಿಂಗು ಹಿಡಿದು. ಅವನು ಗಾಡಿ ಬದಿಗೆ ಹಾಕಿ ಓದಿ ಹೇಳುವ ಹೊತ್ತಿಗೆ ಸಂಖ್ಯೆಯ ಕಾಲ ಮುಗಿದಿರುತ್ತಿತ್ತು. ಮತ್ತೆ ಬೇಡುವುದು, ಮತ್ತೆ ಅವನು ಗಾಡಿ ನಿಲ್ಲಿಸುವುದು. ಕೊನೆಗೆ ಇಸಾಕ, "ಅಣ್ಣಾ, ನಾನು ಢಾಬಾದಾಗ ಊಟಕ್ಕ ಕುಂತ ಮ್ಯಾಲ ಫೋನ್ ಮಾಡ್ತೀನಿ, ಅಲ್ಲಿ ತನಕ ನೀ ಅವ್ವನ ಜೋಡಿ ವಾದಾ ಮಾಡಕೋತ ಕುಂದರು," ಎಂದ. ಹುಡುಗರೇ, ಖಾತೆಯನ್ನು ಮನೆಯಲ್ಲಿ ಇರುವವರ ಫೋನಿಗೆ ಜೋಡಿಸಿ. ಟಿವಿ ಕೊಂಡವರ ಫೋನಿಗಲ್ಲ. ಕೊಂಡವರು ಬಹಳ ಸಲ ರಸ್ತೆಯ ಮೇಲಿರುತ್ತಾರೆ.

ಹೊಸ ಟಿವಿಯ ಮೊದಲ ಸಂಜೆ ನಾನು ಉಳಿದು ನೋಡಿದೆ. ಹೆಂಗಸರು ಬಂದರು, ಕುಳಿತರು. ಚಿತ್ರ ದೊಡ್ಡದು, ಬಣ್ಣ ಹೊಳೆಯುತ್ತಿತ್ತು. ಕಂತು ಒಂದೇ ಉಸಿರಿಗೆ ನಡೆಯಿತು. ಒಬ್ಬರ ಪರಾತ ತುಂಬಿತು, ಬರಿದು ಮಾಡಲು ಏಳಬೇಕು, ಎದ್ದರೆ ಕಥೆ ತಪ್ಪುತ್ತದೆ. ಏಳಲಿಲ್ಲ. ಉಳಿದವರ ಪರಾತಗಳೂ ತುಂಬಿ ನಿಂತವು. ಕೈಗಳು ಮಡಿಲಲ್ಲಿ ಬಿದ್ದವು. ಕಂತು ಮುಗಿದಾಗ ಮುಂದಿನದು ತಾನೇ ಶುರುವಾಗಲು ಹವಣಿಸಿತು. ಯಾರೂ ಒಂದು ಮಾತೂ ಆಡಿರಲಿಲ್ಲ. ಚೀಲ ಮುಕ್ಕಾಲು ಹಾಗೆಯೇ ಇತ್ತು.

ಕಸ್ತೂರಿ ನನ್ನ ಕಡೆ ತಿರುಗಿದರು. "ವಕೀಲಣ್ಣಾ, ಜಾಹೀರಾತು ಎಲ್ಲಿ ಹೋದುವು?"

"ತೆಗದೀವ್ರಿ. ಅದಕ್ಕ ರೊಕ್ಕಾ ಜಾಸ್ತಿ ಕೊಟ್ಟಾನ ಇಸಾಕ."

"ಜಾಸ್ತಿ ಕೊಟ್ಟು ತೆಗಸ್ಯಾನ? ಹಾಕಾಕ ಎಷ್ಟ ಕೊಡಬೇಕು?"

ಪಡಸಾಲೆ ನಕ್ಕಿತು. ಹುಸೇನಬಿ ನಗಲಿಲ್ಲ. ಅವರು ಚೀಲದ ಕಡೆ ನೋಡುತ್ತಿದ್ದರು.

ಒಂದು ವಾರದ ನಂತರ ಅವರೇ ಫೋನ್ ಮಾಡಿದರು. ಕಸ್ತೂರಿಯ ಮಗಳು ತಾಯಿಯ ಫೋನಿನಲ್ಲಿಯೂ ಧಾರಾವಾಹಿ ಹಾಕಿಕೊಟ್ಟಿದ್ದಳಂತೆ. ಕಸ್ತೂರಿ ಮುಂಜಾನೆ ರೊಟ್ಟಿ ಬಡಿಯುತ್ತಲೇ ಕಂತು ನೋಡಿ ಮುಗಿಸಿ, ಬಾವಿಕಟ್ಟೆಯಲ್ಲಿ ಎಲ್ಲರಿಗೂ ಕೊನೆಯನ್ನು ಹೇಳಿಬಿಡುತ್ತಿದ್ದರಂತೆ. ಕೊನೆ ಗೊತ್ತಾದ ಮೇಲೆ ಸಂಜೆ ಬರುವವರು ಕಡಿಮೆಯಾದರು. ಶೇಠರ ಆಳು ಬಂದು, ಗೋದಾಮಿನಲ್ಲಿ ಆರಿಸುವ ಮಶೀನು ಬರಲಿದೆ, ಇಲ್ಲಿ ಆಗದಿದ್ದರೆ ಹೇಳಿಬಿಡಿ ಎಂದು ಹೋಗಿದ್ದ. "ತಮ್ಮಾ, ಬಂದು ಹಳೇದ ಜೋಡಿಸಿ ಕೊಡು. ಡಿಶ್ ಇನ್ನೂ ಮ್ಯಾಲ ಐತಿ," ಎಂದರು ಹುಸೇನಬಿ.

ಬಸ್ಸಿನಲ್ಲಿ ಹೋಗುವಾಗ ನಾನು ಎರಡೂ ಪಕ್ಷದ ವಾದ ತಯಾರು ಮಾಡಿಕೊಂಡೆ. ಡಿಶ್ಶಿಗೆ ಮರಳಿದರೂ ಏಳೂವರೆ ಮರಳುವುದಿಲ್ಲ, ಏಕೆಂದರೆ ಕಸ್ತೂರಿಯ ಫೋನನ್ನು ಯಾರೂ ಕಿತ್ತುಕೊಳ್ಳಲಾಗದು. ಮರಳದಿದ್ದರೆ ಈ ಪಡಸಾಲೆ ಬರಿದಾಗುತ್ತದೆ. ಎರಡೂ ಕಡೆ ಸೋಲು ಕಾಣುವ ವಿಷಯದ ಮೇಲೆ ನನ್ನನ್ನು ಯಾರೂ ಎಂದೂ ಮಾತಾಡಿಸಿರಲಿಲ್ಲ. ತಿಕೋಟಾ ಬಂತು. ನಾನು ಪಾನಾ ಹಿಡಿದು ಒಳಗೆ ಹೋದೆ. ಏಳೂವರೆಗೆ ಇನ್ನೂ ಸಮಯವಿತ್ತು. ಹುಸೇನಬಿ, ಕಸ್ತೂರಿ ಎದುರುಬದುರು ಕುಳಿತಿದ್ದರು. ನಡುವೆ ಬಿಸಿ ಆರಿದ ಚಹಾ.

"ನಾ ಏನ ಕಳವು ಮಾಡೀನೇನ ಬೇ? ನನ್ನ ಫೋನು, ನಾ ನೋಡ್ತೀನಿ," ಎನ್ನುತ್ತಿದ್ದರು ಕಸ್ತೂರಿ. "ಸಂಜಿ ತನಕ ತಡಕೊಳ್ಳಾಕ ಆಗಂಗಿಲ್ಲ ನನಗ."

"ನೋಡಬ್ಯಾಡ ಅನ್ನಲಿಲ್ಲ ನಾ."

"ಮತ್ತ?"

ಹುಸೇನಬಿ ಗೋಡೆಯ ಗೂಡಿನಿಂದ ರಿಮೋಟು ತೆಗೆದು ಕಸ್ತೂರಿಯ ಮಡಿಲಲ್ಲಿ ಇಟ್ಟರು. "ನಿನಗ ಕತಿ ಗೊತ್ತೈತಿ. ಎಲ್ಲಿ ನಿಂದ್ರಸಿದ್ರ ಮಂದಿಗಿ ತಡಕೊಳ್ಳಾಕ ಆಗಂಗಿಲ್ಲೋ ಅಲ್ಲಿ ನಿಂದ್ರಸು. ಬಾಯಿ ಮಾತ್ರ ಬಿಡಬ್ಯಾಡ."

ಕಸ್ತೂರಿ ರಿಮೋಟು ನೋಡಿದರು. ಮಾವನ ಕೈಯಲ್ಲಿ ಇಷ್ಟು ವರ್ಷ ಕಂಡ ವಸ್ತು. "ನಾನ?"

"ಮತ್ಯಾರಿಗಿ ಗೊತ್ತೈತಿ ಎಲ್ಲಿ ನಿಂದ್ರಸಬೇಕಂತ? ಈ ವಕೀಲಗ ಗೊತ್ತೈತೇನು?"

ಅಂದು ಬಂದವರು ನಾಲ್ಕಾರು ಮಂದಿ. ಕಂತು ಶುರುವಾಯಿತು. ಸೊಸೆ ಕಾಗದಕ್ಕೆ ಸಹಿ ಹಾಕಲು ಪೆನ್ನು ಎತ್ತಿದಳು. ಕಸ್ತೂರಿ ಗುಂಡಿ ಒತ್ತಿದರು. ಪೆನ್ನು ಗಾಳಿಯಲ್ಲಿ ನಿಂತಿತು. ಪಡಸಾಲೆ ಹೋ ಎಂದು ಒದರಿತು. "ಪರಾತ ಬರಿದು ಮಾಡ್ರಿ ಮೊದಲ," ಎಂದರು ಕಸ್ತೂರಿ, ಹಳೆಯ ಮಾಸ್ತರರ ಗತ್ತಿನಲ್ಲಿ. ಪರಾತಗಳು ಎದ್ದವು, ಚೀಲದ ಬಾಯಿ ಬಿಚ್ಚಿತು. ಸಹಿ ಹಾಕುತ್ತಾಳೋ ಇಲ್ಲವೋ ಎಂಬ ಜಗಳ ಎದ್ದಿತು. ಗೊತ್ತಿದ್ದ ಕಸ್ತೂರಿ ತುಟಿ ಬಿಗಿಹಿಡಿದು ಎಲ್ಲರ ಮುಖ ನೋಡುತ್ತ ಕುಳಿತಿದ್ದರು. ಅಷ್ಟು ಸಂತೋಷದ ಮೌನವನ್ನು ನಾನು ಯಾವ ವೇದಿಕೆಯಲ್ಲೂ ನೋಡಿಲ್ಲ. ಅಂದು ಪಾನಾ ಚೀಲದಲ್ಲೇ ಉಳಿಯಿತು. ನಾನು ರಾತ್ರಿಯ ಬಸ್ಸಿಗೆ ಹಿಂತಿರುಗಿದೆ.

ಮರುದಿನ ಬಾವಿಕಟ್ಟೆಯಲ್ಲಿ ಕಸ್ತೂರಿ ಕೊನೆ ಹೇಳಲಿಲ್ಲವಂತೆ. ಕೇಳಿದವರಿಗೆ "ಏಳೂವರಿಗಿ ಬರ್ರಿ" ಎಂದರಂತೆ. ತಿಂಗಳು ತುಂಬುವ ಹೊತ್ತಿಗೆ ಪಡಸಾಲೆಯಲ್ಲಿ ಮೊದಲಿಗಿಂತ ಹೆಚ್ಚು ಪರಾತಗಳಿದ್ದವು. ಎದುರು ಓಣಿಯವರೂ ಬರತೊಡಗಿದ್ದರು. ಗೋದಾಮಿಗೆ ಮಶೀನು ಬಂದೇ ಬಂತು. ಅದು ಉಳಿಸಿದ ಕಡ್ಡಿ ತೆಗೆಯಲು ಶೇಠರು ಒಳ್ಳೆಯ ಮಾಲನ್ನು ಈಗಲೂ ಈ ಮನೆಗೇ ಇಳಿಸುತ್ತಾರೆ. ಮುಂದೆಯೂ ಇಳಿಸುತ್ತಾರೋ ಇಲ್ಲವೋ, ನಾನು ಜಾಮೀನು ನಿಲ್ಲಲಾರೆ.

ನನ್ನ ಕೆಲಸದ ಕೊನೆಯ ದಿನ ಆ ಮನೆಯಲ್ಲೇ ಕಳೆಯಿತು. ಹುಸೇನಬಿ, "ಇನ್ನ ಡಿಶ್ ಇಳಸು ತಮ್ಮಾ, ಮಾಳಗಿ ಮ್ಯಾಲ ಹಪ್ಪಳ ಹಾಕಾಕ ಜಾಗಾ ಆಗ್ತೈತಿ," ಎಂದು ಕರೆದಿದ್ದರು. ಮೇಲೆ ಹತ್ತಿದೆ. ಚಾಚಾ ಬಿಗಿದ ನಟ್ಟು ಅಷ್ಟು ವರ್ಷಗಳ ಬಿಸಿಲು ಮಳೆಗೆ ತುಕ್ಕು ಹಿಡಿದು ಜಪ್ಪಯ್ಯ ಎನ್ನಲಿಲ್ಲ. ಎಣ್ಣೆ ಬಿಟ್ಟೆ, ಬಡಿದೆ. ಬಿಸ್ಮಿಲ್ಲಾ ಎಂದದ್ದರಿಂದ ಅಷ್ಟು ಬಿಗಿಯಾಯಿತೇ ಎಂಬ ವಿಚಾರ ಬಂತು, ಅದಕ್ಕೆ ಸಾಕ್ಷ್ಯವಿಲ್ಲವೆಂದು ತಳ್ಳಿಹಾಕಿದೆ. ನಟ್ಟು ಸಡಿಲಾಗಿ ಡಿಶ್ ಮೊದಲ ಸಲ ತನ್ನ ದಿಕ್ಕು ಬಿಟ್ಟು ತಿರುಗಿದಾಗ, ಬಾಯಿಗೆ ತಾನಾಗಿ ಬಂದದ್ದನ್ನು ತಡೆಯಲಾಗಲಿಲ್ಲ. ಕೆಳಗೆ ಬಾಗಿ ಕೂಗಿದೆ: "ಹೋತೇನ್ರಿ?"

ಕಿಟಕಿಯಿಂದ ಕಸ್ತೂರಿಯ ದನಿ ಬಂತು. "ಇಲ್ರಿ, ಇಲ್ಲೇ ಐತಿ!"

ಕೆಳಗೆ ಇಳಿದಾಗ ಏಳೂವರೆ ದಾಟಿತ್ತು. ಪಡಸಾಲೆ ತುಂಬಿತ್ತು, ಪರದೆಯ ಮೇಲೆ ಕಥೆ ಒಂದು ಹೊಸ ಬಾಗಿಲಿನ ಮುಂದೆ ನಿಂತಿತ್ತು. ಅತ್ತೆಯೇ ಮನೆ ಬಿಟ್ಟು ಹೊರಟಿದ್ದಳು, ಕೈಯಲ್ಲಿ ಚೀಲ, ಹೊಸ್ತಿಲ ಮೇಲೆ ಕಾಲು. ಪಡಸಾಲೆಯಲ್ಲಿ ಎರಡು ಪಕ್ಷ ಆಗಿದ್ದವು.

"ಬಾ ವಕೀಲಣ್ಣಾ, ನೀ ಹೇಳು," ಎಂದರು ಕಸ್ತೂರಿ. "ಆಕಿ ಹೋಗಬೇಕೋ, ಇರಬೇಕೋ?"

ಎಲ್ಲರೂ ನನ್ನ ಕಡೆ ತಿರುಗಿದರು. ಮೈಮೇಲೆ ತುಕ್ಕಿನ ಧೂಳು, ಬಗಲಲ್ಲಿ ಡಿಶ್ಶಿನ ಬೋಗುಣಿ. ನಾನು ಗಂಟಲು ಸರಿಮಾಡಿಕೊಂಡೆ. "ನೋಡ್ರಿ, ಇದಕ್ಕ ಎರಡು ಮಗ್ಗಲ ಅದಾವ. ಒಂದನೇದ್ದು ಏನಂದ್ರ, ಆಕಿ ಮನಿ ಬಿಟ್ಟು ಹೋಗೂದರಿಂದ..."

"ಬರಿದು ಮಾಡಿದ ಪರಾತ ಮತ್ತ ತುಂಬಿದುವೇನ್ ಬೇ?" ಎಂದು ಹುಸೇನಬಿ ಕೇಳಿದರು.

"ತುಂಬಿದುವು," ಎಂದಿತು ಪಡಸಾಲೆ.

ನಾನು ಎರಡನೆಯ ವಾಕ್ಯಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಸ್ತೂರಿ ಗುಂಡಿ ಒತ್ತಿದರು. ಅತ್ತೆ ಹೊಸ್ತಿಲು ದಾಟಿದಳು. ಕೈಗಳು ಮಣೂಕಕ್ಕೆ ಮರಳಿದವು. ನಾನು ಡಿಶ್ಶನ್ನು ಗೋಡೆಗೆ ಒರಗಿಸಿ, ಬಾಗಿಲ ಹತ್ತಿರ ಸರಿದು ಕುಳಿತು, ಮುಂದೇನಾಗುತ್ತದೆಂದು ನೋಡತೊಡಗಿದೆ.